ಹೊಸ್ತಿಲ ಮೇಲೆ ಗದ್ದವಿಟ್ಟು ಮಲಗುವ ಪಗ್

ಪ್ರಶ್ನೆ: ನಮ್ಮ ಮನೆಯಲ್ಲಿ ಎರಡೂವರೆ ವರ್ಷದ ಹೆಣ್ಣು ಪಗ್ ಇದೆ. ಅದರ ತಂದೆ ಶ್ವಾನ ಪ್ರದರ್ಶನಗಳಲ್ಲಿ ಬಹುಮಾನ ಗೆದ್ದ ನಾಯಿ. ನಮ್ಮದು ರಾತ್ರಿಯಿಡೀ ಗೊರಕೆ ಹೊಡೆಯುತ್ತದೆ, ಹೊಸ್ತಿಲ ಮೇಲೆ ಗದ್ದವಿಟ್ಟೇ ಮಲಗುತ್ತದೆ, ಕಾಫಿ ಕಣದವರೆಗೆ ಹೋಗಿ ಬರುವಷ್ಟರಲ್ಲಿ ಏದುಸಿರು ಬಿಡುತ್ತದೆ. ಮರಿ ಕೊಟ್ಟವರು ಇದು ತಳಿಯ ಗುಣ ಎನ್ನುತ್ತಾರೆ. ಒಳ್ಳೆಯ ಮರಿಗಳಿಗಾಗಿ ಅದರ ತಂದೆಯ ಜೊತೆಗೇ ಕ್ರಾಸ್ ಮಾಡಿಸಲು ಹೇಳುತ್ತಿದ್ದಾರೆ. ಏನು ಮಾಡುವುದು?
– ಓದುಗರು, ಮೂಡಿಗೆರೆ

ಉತ್ತರ: ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಹೊಸ್ತಿಲ ಮಾತು. ಉಸಿರಿನ ದಾರಿ ಕಿರಿದಾದ ನಾಯಿ ತಲೆಯನ್ನು ನೆಲಕ್ಕೆ ಚೆಲ್ಲಿ ಮಲಗಿದರೆ ಗಂಟಲು ಇನ್ನಷ್ಟು ಕಟ್ಟಿಕೊಳ್ಳುತ್ತದೆ. ಆದ್ದರಿಂದ ಅದು ಗದ್ದಕ್ಕೊಂದು ಆಸರೆ ಹುಡುಕಿಕೊಳ್ಳುತ್ತದೆ, ಕೆಲವು ನಾಯಿಗಳು ಬಾಯಲ್ಲಿ ಆಟಿಕೆ ಕಚ್ಚಿಕೊಂಡೇ ನಿದ್ದೆಹೋಗುತ್ತವೆ. ನಮಗೆ ಮುದ್ದಾಗಿ ಕಾಣುವ ಆ ಭಂಗಿ ಅದರ ಪಾಲಿಗೆ ಉಸಿರಾಡುವ ಉಪಾಯ.

ಚಪ್ಪಟೆ ಮುಖವೇ ಚೆಂದವೆಂದು ತಲೆಮಾರುಗಳಿಂದ ಗಿಡ್ಡ ಮೂತಿಯ ನಾಯಿಗಳನ್ನೇ ಆರಿಸುತ್ತ ಬಂದದ್ದರಿಂದ ಪಗ್‌ನ ಮುಖದ ಮೂಳೆ ಕುಗ್ಗಿತು, ಆದರೆ ಒಳಗಿನ ನಾಲಿಗೆಯೂ ಮೃದು ಅಂಗುಳವೂ ಅದಕ್ಕೆ ತಕ್ಕಂತೆ ಕುಗ್ಗಲಿಲ್ಲ. ಉದ್ದವಾಗಿ ಉಳಿದ ಅಂಗುಳ ಶ್ವಾಸನಾಳದ ಬಾಯಿಗೇ ಅಡ್ಡ ಬರುತ್ತದೆ. ಹಗಲು ಬೆಳಕಿನಲ್ಲಿ ಅದರ ಮೂಗನ್ನು ನೋಡಿ. ಅಲ್ಪವಿರಾಮ ಚಿಹ್ನೆಯಂತೆ ತೆರೆದಿರಬೇಕಾದ ಹೊಳ್ಳೆ ಬರಿಯ ಗೀರಿನಂತಿದ್ದರೆ ತೊಂದರೆ ಅಲ್ಲಿಂದಲೇ ಶುರುವಾಗಿದೆ. ನಾಯಿ ಮೈ ತಂಪು ಮಾಡಿಕೊಳ್ಳುವುದು ಮುಖ್ಯವಾಗಿ ತೇಕುವುದರಿಂದ. ಮಲೆನಾಡಿನ ತಂಪಿನಲ್ಲೇ ಹೀಗಾದರೆ, ಏಪ್ರಿಲ್ ಬಿಸಿಲಿನಲ್ಲಿ ಅದರ ಪ್ರಾಣಕ್ಕೇ ಕುತ್ತು. ತಳಿಯಲ್ಲಿ ಸಾಮಾನ್ಯವಾಗಿದೆ ಎಂದ ಮಾತ್ರಕ್ಕೆ ಕಾಯಿಲೆ ತಳಿಯ ಗುಣವೆನಿಸುವುದಿಲ್ಲ.

ತಂದೆಯೊಂದಿಗೆ ಕೂಡಿಸುವುದಂತೂ ಬೇಡವೇ ಬೇಡ. ಮಗಳ ವಂಶವಾಹಿಗಳಲ್ಲಿ ಅರ್ಧ ತಂದೆಯವೇ ಆಗಿರುವುದರಿಂದ, ಇಬ್ಬರಲ್ಲೂ ಅಡಗಿರುವ ದೋಷ ಮರಿಯಲ್ಲಿ ಜೋಡಿಯಾಗಿ ಹೊರಬೀಳುವ ಸಂಭವ ಹೆಚ್ಚು. ತಳಿ ನಾಯಿಗಳ ದಾಖಲೆ ಇಡುವ ಬ್ರಿಟನ್ನಿನ ಕೆನಲ್ ಕ್ಲಬ್ ಇಂಥ ಕೂಟದ ಮರಿಗಳ ನೋಂದಣಿಯನ್ನು 2009ರಲ್ಲೇ ನಿಲ್ಲಿಸಿತು. ನಮ್ಮಲ್ಲಿಯೂ 2017ರ ಶ್ವಾನ ಸಂವರ್ಧನೆ ಮತ್ತು ಮಾರಾಟ ನಿಯಮಗಳ ಪ್ರಕಾರ ಮರಿ ಮಾರುವವರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಂಡಿರಬೇಕು. ಮರಿ ಕೊಟ್ಟವರಿಗೆ ನೋಂದಣಿ ಇದೆಯೇ ಎಂದು ನೀವು ಕೇಳಬಹುದು. ಬಹುಮಾನದ ಮಾತಿಗೆ ಮರುಳಾಗಬೇಡಿ: ಪ್ರದರ್ಶನದ ಕಣದಲ್ಲಿ ನಿಂತ, ನಾಲ್ಕು ಹೆಜ್ಜೆ ಓಡಿದ ನಾಯಿಯ ಅಂಗುಳ ತೀರ್ಪುಗಾರರ ಕಣ್ಣಿಗೆ ಬೀಳುವುದಿಲ್ಲ.

ನನ್ನನ್ನು ಕೇಳಿದರೆ, ಬೇರೆ ಗಂಡಿನೊಂದಿಗೂ ಕೂಡಿಸಬೇಡಿ. ದೊಡ್ಡ ತಲೆಯ ಮರಿಗಳಿಂದ ಹೆರಿಗೆ ಕಷ್ಟವಾಗಿ ಸಿಸೇರಿಯನ್ ಬೇಕಾದರೆ, ಉಸಿರಿನ ತೊಂದರೆಯಿರುವ ನಾಯಿಗೆ ಅರಿವಳಿಕೆಯೂ ಅಪಾಯವೇ.

ಈಗ ಕೊರಳಪಟ್ಟಿ ತೆಗೆದು ಎದೆಗೆ ಹಾಕುವ ಹಾರ್ನೆಸ್ ಬಳಸಿ, ಮೈತೂಕ ಹೆಚ್ಚಿದ್ದರೆ ಇಳಿಸಿ, ಬಿಸಿಲೇರುವ ಮುನ್ನವೇ ಸುತ್ತಾಡಿಸಿ. ನಡುವೆ ನಾಲಿಗೆ ನೀಲಿಗಟ್ಟಿದರೆ ಅಥವಾ ನಾಯಿ ಕುಸಿದರೆ ತಡಮಾಡದೆ ಹತ್ತಿರದ ಪಶುವೈದ್ಯರಲ್ಲಿಗೆ ಒಯ್ಯಿರಿ. ಇಲ್ಲವಾದರೂ ಹಾಸನದ ಪಶುವೈದ್ಯಕೀಯ ಮಹಾವಿದ್ಯಾಲಯದಲ್ಲಿ ಒಮ್ಮೆ ತೋರಿಸಿ. ಹೊಳ್ಳೆಯನ್ನು ಅಗಲಿಸುವ, ಅಂಗುಳವನ್ನು ಮೊಟಕುಗೊಳಿಸುವ ಶಸ್ತ್ರಚಿಕಿತ್ಸೆ ಬೇಕೇ ಎಂಬುದನ್ನು ಪರೀಕ್ಷಿಸಿಯೇ ಹೇಳಬೇಕು. ಹೊರಡುವ ಮುನ್ನ ಅದು ಹೊಸ್ತಿಲ ಮೇಲೆ ನಿದ್ದೆಯಲ್ಲಿರುವಾಗ ಒಂದೆರಡು ನಿಮಿಷ ಮೊಬೈಲಿನಲ್ಲಿ ವಿಡಿಯೊ ಮಾಡಿಕೊಳ್ಳಿ. ಪರೀಕ್ಷೆಯ ಮೇಜಿನ ಮೇಲೆ ಎಚ್ಚರವಾಗಿ ನಿಂತ ನಾಯಿಯಲ್ಲಿ ಕಾಣದ್ದು ವೈದ್ಯರಿಗೆ ಅದರಲ್ಲಿ ಕಾಣುತ್ತದೆ.