ತಿಕ್ಕಿದ ಬಾಂಡೆಯನ್ನೇ ಮತ್ತೆ ತಿಕ್ಕುವ ಸೊಸೆ

ಮನೆಯವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ವಿವರ ಬದಲಿಸಿ ಬರೆಯುತ್ತಿದ್ದೇನೆ.

ಹುಬ್ಬಳ್ಳಿಯ ಮನೆ. ನನ್ನ ಹತ್ತಿರ ಆಪ್ತಸಲಹೆಗೆ ಮೊದಲು ಬಂದವರು ಅತ್ತೆ. "ನಾ ತಿಕ್ಕಿಟ್ಟ ಬಾಂಡೆ ಮತ್ತ ತಿಕ್ಕತಾಳ್ರೀ, ನನ್ನ ಕೈ ಅಷ್ಟು ಹೊಲಸೇನ್ರೀ?" ಅಂತ ಅತ್ತರು. ಅವರ ಓಣಿಗೆ ನಳ ಬರೋದು ನಾಲ್ಕೈದು ದಿನಕ್ಕೊಮ್ಮೆ, ಬ್ಯಾರಲ್ ಮಾತ್ರ ಎರಡನೇ ದಿನಕ್ಕೇ ಖಾಲಿ. ಜಗಳ ಆಗದೆ ಇರುತ್ತಾ?

ಸೊಸೆಗೆ ಮೂವತ್ತು ದಾಟಿದೆ. ತುಂಬಾ ಹೊತ್ತು ಸುಮ್ನೆ ಕೂತಿದ್ದರು. ಆಮೇಲೆ ಒಂದೇ ಉಸಿರಿಗೆ ಹೇಳಿದರು: ಅತ್ತೆ ಕೈಯಲ್ಲಿ ತಪ್ಪೇನಿಲ್ಲ, ತಾನೇ ತಿಕ್ಕಿದ್ದನ್ನೂ ಮತ್ತೆ ತಿಕ್ಕುತ್ತೇನೆ, ಸೋಪು ಉಳಿದು ಮಗಳ ಹೊಟ್ಟೆಗೆ ಹೋದರೆ ಅಂತ ಎದೆ ಹೊಡೆದುಕೊಳ್ಳುತ್ತದೆ, ತೊಳೆದರೆ ಐದು ನಿಮಿಷ ಸಮಾಧಾನ, ಮತ್ತೆ ಅದೇ. ದಿನಕ್ಕೆ ಮೂರು ತಾಸು ಇದರಲ್ಲೇ ಹೋಗುತ್ತಿತ್ತು. ಬೆರಳ ಸಂದಿ ಬಿರುಕು ಬಿಟ್ಟಿತ್ತು.

ಮನೆಯವರು ಇದನ್ನು ಮಡಿ ಅಂದುಕೊಂಡಿದ್ದರು. ಮಡಿಗೆ ಒಂದು ಕೊನೆ ಇರುತ್ತದೆ, ಇಷ್ಟು ಮಾಡಿದರೆ ಆಯ್ತು ಅಂತ. ಇವರಿಗೆ ಆ ‘ಆಯ್ತು’ ಸಿಗುತ್ತಲೇ ಇರಲಿಲ್ಲ. ನನಗೆ ಇದು ಗೀಳು, ಅಂದರೆ ಓಸಿಡಿ ಅನ್ನಿಸಿತು. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೆ ಕಳಿಸಿದೆ. ಅಲ್ಲಿನ ಡಾಕ್ಟರೂ ಅದನ್ನೇ ಹೇಳಿ ಮಾತ್ರೆ ಶುರು ಮಾಡಿದರು. ಯಾವುದೇ ಗೀಳು ದಿನಕ್ಕೆ ಒಂದು ತಾಸಿಗಿಂತ ಜಾಸ್ತಿ ತಿನ್ನುತ್ತಿದ್ದರೆ ದಯವಿಟ್ಟು ತೋರಿಸಿ. ಹೋಗಲು ಹಿಂಜರಿಕೆ ಇದ್ದರೆ ಮೊದಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಫೋನ್ ಮಾಡಿ, ದುಡ್ಡು ಕೊಡಬೇಕಿಲ್ಲ.

ನನ್ನ ಜೊತೆಗಿನ ಕೆಲಸ ಬೇರೆ. ಬಾಂಡೆಗಳನ್ನು ಭಯದ ಲೆಕ್ಕದಲ್ಲಿ ಸಾಲಾಗಿ ಬರೆಸಿದೆ. ಹತ್ತಕ್ಕೆ ಎಷ್ಟು ಅಂತ ಕೇಳಿದೆ, ಜೊತೆಗಿದ್ದ ಅತ್ತೆ "ಆಣೆ ಲೆಕ್ಕದಾಗ ಹೇಳವ್ವ" ಅಂದರು. ಅದೇ ಚೆನ್ನಾಗಿ ಕೂತಿತು. ನೀರು ಕುಡಿಯುವ ತಂಬಿಗೆ ಮೂರಾಣೆ, ತಾಟು ಎಂಟಾಣೆ, ಮಗಳ ಹಾಲಿನ ಪಾತ್ರೆ ಪೂರ್ತಿ ಹದಿನಾರಾಣೆ. ಮೊದಲ ವಾರ ತಂಬಿಗೆ ಮಾತ್ರ: ಒಂದು ಸಲ ಸೋಪು, ಎರಡು ಸಲ ನೀರು, ಬೋರಲು ಹಾಕಿ ಎದ್ದು ಬರಬೇಕು. ಭಯ ಏರುತ್ತದೆ, ಏರಲಿ, ಕೂತು ನೋಡಿ, ತೊಳೆಯದೆ ಇದ್ದರೂ ಅದು ತಾನಾಗಿ ಇಳಿಯುತ್ತದೆ ಅಂದೆ.

ಕಷ್ಟವಾದದ್ದು ಗಂಡನಿಗೆ ಕೊಟ್ಟ ಸಲಹೆ. "ಸ್ವಚ್ಛ ಅದ ಏನ್ರೀ?" ಅಂತ ಹೆಂಡತಿ ಕೇಳಿದಾಗೆಲ್ಲ "ಅದ ಬಿಡು" ಅಂತ ಹೇಳಿ ಹೇಳಿ ಅವರಿಗೆ ಸಾಕಾಗಿತ್ತು. ಪ್ರೀತಿಯಿಂದ ಹೇಳಿದ ಆ ಮಾತೂ ಇನ್ನೊಂದು ಸಲ ತೊಳೆದ ಹಾಗೆಯೇ, ಗೀಳಿಗೆ ಅದೇ ಊಟ. ಹಾಗೆ ಹೇಳುವ ಬದಲು "ನಿನಗ ತ್ರಾಸ ಆಗಾಕತ್ತದ, ಗೊತ್ತದ, ನಾ ಇಲ್ಲೇ ಕೂಡ್ತೀನಿ" ಅನ್ನಿ ಅಂದೆ. ಬೈಯುವುದಂತೂ ಬೇಡವೇ ಬೇಡ.

ನಾಲ್ಕು ತಿಂಗಳಾಯಿತು. ತಾಟಿನವರೆಗೆ ಬಂದಿದ್ದಾರೆ. ಅತ್ತೆ ತಿಕ್ಕುತ್ತಾರೆ, ಸೊಸೆ ತೊಳೆದು ಬೋರಲು ಹಾಕುತ್ತಾರೆ. ಹಾಲಿನ ಪಾತ್ರೆ ಇನ್ನೂ ಬಾಕಿ ಇದೆ, ಅದಕ್ಕೆ ಅವಸರ ಮಾಡಬೇಡಿ ಅಂದಿದ್ದೇನೆ.