15 ಪಂದ್ಯ ಗೆದ್ದ ಹ್ಯಾಮಿಲ್ಟನ್ ಇರುವಾಗ, 7 ಪಂದ್ಯ ಸೋತ ವಿನ್ನಿಪೆಗ್ 2019ರ ಗ್ರೇ ಕಪ್ ಗೆದ್ದದ್ದು ಬರೀ ಅದೃಷ್ಟವೇ?

ಅದೃಷ್ಟ ಸ್ವಲ್ಪ ಇತ್ತು, ಇಲ್ಲ ಅನ್ನುವುದಿಲ್ಲ. ಆದರೆ ಬರೀ ಅದೃಷ್ಟ ಅಂದರೆ ಒಪ್ಪುವುದಿಲ್ಲ. ಗ್ರೇ ಕಪ್ ಅಂದರೆ ಕೆನಡಿಯನ್ ಫುಟ್‌ಬಾಲ್ ಲೀಗ್‌ನ ಕಪ್; ಅಮೆರಿಕನ್ ಫುಟ್‌ಬಾಲ್‌ನ ಹಾಗೆ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ ಆಟ ಇದು. ನೀವು ಅಂಕಪಟ್ಟಿ ನೋಡಿ ಕೇಳಿದ್ದೀರಿ. 18 ಪಂದ್ಯಗಳಲ್ಲಿ ಹ್ಯಾಮಿಲ್ಟನ್ ಟೈಗರ್-ಕ್ಯಾಟ್ಸ್ 15 ಗೆದ್ದಿತ್ತು. ವಿನ್ನಿಪೆಗ್ ಬ್ಲೂ ಬಾಂಬರ್ಸ್ 11 ಗೆದ್ದು, ಪಶ್ಚಿಮ ವಿಭಾಗದಲ್ಲಿ ಮೂರನೇ ಸ್ಥಾನದಲ್ಲಿತ್ತು. ಸಾಲದ್ದಕ್ಕೆ ಲೀಗ್ ಹಂತದಲ್ಲಿ ಇಬ್ಬರೂ ಎದುರಾದಾಗ ಎರಡು ಸಲವೂ ಹ್ಯಾಮಿಲ್ಟನ್ನೇ ಗೆದ್ದಿತ್ತು. ಹಾಗಾಗಿ ನಿಮ್ಮ ಅನುಮಾನ ಸಹಜವೇ.

ಆ ವರ್ಷ ನಾನು ಮ್ಯಾನಿಟೋಬಾ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದೆ. ಬಾಂಬರ್ಸ್ ಸ್ಟೇಡಿಯಂ ಇರುವುದು ಅದೇ ಕ್ಯಾಂಪಸ್‌ನಲ್ಲಿ. ಮ್ಯಾಚ್ ದಿನ ನಮ್ಮ ಬಸ್ ತುಂಬಾ ನೀಲಿ ಜೆರ್ಸಿಯವರೇ ಇರುತ್ತಿದ್ದರು. ಅವರ ಮಾತು ಕೇಳುತ್ತಾ ಕೇಳುತ್ತಾ ನನಗೂ ಈ ಆಟ ಹಿಡಿಸಿಬಿಟ್ಟಿತು.

ಆ 7 ಸೋಲು ಯಾವಾಗ ಬಂದವು ಅನ್ನುವುದೇ ಇಲ್ಲಿ ಮುಖ್ಯ. ತಂಡ ಮೊದಲ 5 ಪಂದ್ಯಗಳನ್ನೂ ಗೆದ್ದಿತ್ತು. ಮೊದಲ 10ರಲ್ಲಿ 8 ಗೆಲುವು. ಆದರೆ ಆಗಸ್ಟ್ ಮಧ್ಯದಲ್ಲಿ ಕ್ವಾರ್ಟರ್‌ಬ್ಯಾಕ್ ಮ್ಯಾಟ್ ನಿಕೋಲ್ಸ್ ಭುಜಕ್ಕೆ ಪೆಟ್ಟು ಬಿದ್ದು, ಆ ಸೀಸನ್‌ನಲ್ಲಿ ಅವರು ಮತ್ತೆ ಆಡಲೇ ಇಲ್ಲ. ಕೊನೆಯ 8 ಪಂದ್ಯಗಳಲ್ಲಿ ಬಂದದ್ದು 3 ಗೆಲುವು ಮಾತ್ರ.

ಒಬ್ಬ ಆಟಗಾರ ಹೋದರೆ ಅಷ್ಟು ವ್ಯತ್ಯಾಸವೇ ಅಂತ ನಿಮಗೆ ಅನಿಸಬಹುದು. ಈ ಆಟದಲ್ಲಿ ಹೌದು. ಹೆಚ್ಚುಕಡಿಮೆ ಪ್ರತಿ ಸಲವೂ ಚೆಂಡು ಮೊದಲು ಬರುವುದು ಕ್ವಾರ್ಟರ್‌ಬ್ಯಾಕ್ ಕೈಗೆ. ಎಸೆಯಬೇಕೋ, ಓಡುವವನಿಗೆ ಕೊಡಬೇಕೋ, ತಾನೇ ಓಡಬೇಕೋ, ಎಲ್ಲ ಆತನ ಕೈಯಲ್ಲಿ. ಅಮೆರಿಕದಲ್ಲಿ 10 ಗಜ ಮುಂದೆ ಹೋಗಲು 4 ಅವಕಾಶ ಇದ್ದರೆ ಕೆನಡಾದಲ್ಲಿ 3 ಮಾತ್ರ. ಒಂದು ಎಸೆತ ತಪ್ಪಿದರೂ ತಕ್ಷಣ ಇಕ್ಕಟ್ಟು. ನಿಕೋಲ್ಸ್ ಜಾಗಕ್ಕೆ ಬಂದ ಕ್ರಿಸ್ ಸ್ಟ್ರೆವ್ಲರ್ ಗೂಳಿಯ ಹಾಗೆ ನುಗ್ಗುವ ಆಟಗಾರ. ನನಗೆ ತುಂಬಾ ಇಷ್ಟ. ಆದರೆ ದೂರದ ಎಸೆತದಲ್ಲಿ ಅಷ್ಟು ಪಳಗಿರಲಿಲ್ಲ. ಎದುರಾಳಿಗಳಿಗೆ ಅದು ಬೇಗ ಗೊತ್ತಾಯಿತು.

ಅಕ್ಟೋಬರ್‌ನಲ್ಲಿ ಟೊರಾಂಟೊದಿಂದ ಝ್ಯಾಕ್ ಕೊಲಾರೋಸ್ ಬಂದರು. ಅವರ ಆ ವರ್ಷ ಹೇಗಿತ್ತು ಗೊತ್ತಾ? ಜೂನ್‌ನಲ್ಲಿ ಸಸ್ಕಾಚೆವನ್ ತಂಡದಲ್ಲಿದ್ದರು. ಮೊದಲ ಪಂದ್ಯದಲ್ಲೇ, ಹ್ಯಾಮಿಲ್ಟನ್ ವಿರುದ್ಧ, ತಲೆಗೆ ಪೆಟ್ಟು ತಿಂದು ಹೊರಗೆ ಕೂತರು. ಜುಲೈ ಕೊನೆಗೆ ಅವರನ್ನು ಟೊರಾಂಟೊಗೆ ಕೊಟ್ಟರು. ಅಲ್ಲಿ ಒಂದು ಪಂದ್ಯವನ್ನೂ ಆಡಲಿಲ್ಲ. ವಿನ್ನಿಪೆಗ್ ಪರ ಮೊದಲು ಇಳಿದದ್ದು ಲೀಗ್ ಹಂತದ ಕೊನೆಯ ಪಂದ್ಯದಲ್ಲಿ. ಕ್ಯಾಲ್ಗರಿ ವಿರುದ್ಧ 29-28ರಲ್ಲಿ ಗೆಲುವು ಬಂತು.

ಸೆಪ್ಟೆಂಬರ್‌ನಲ್ಲಿ ಸೋಲುತ್ತಿದ್ದ ತಂಡವೇ ಬೇರೆ, ನವೆಂಬರ್‌ನಲ್ಲಿ ಆಡಿದ ತಂಡವೇ ಬೇರೆ ಅಂತ ನಾನು ಹೇಳುವುದು ಇದಕ್ಕೇ. ಅಂಕಪಟ್ಟಿಯಲ್ಲಿ ಎರಡೂ ಒಂದೇ ಸಾಲಿನಲ್ಲಿ ಸೇರಿಹೋಗಿವೆ.

ಇನ್ನೊಂದು ವಿಷಯ. ಐಪಿಎಲ್‌ನಲ್ಲಿ ಮೊದಲ ಎರಡು ಸ್ಥಾನದವರಿಗೆ ಸೋತರೂ ಇನ್ನೊಂದು ಅವಕಾಶ ಇದೆ, ಅಲ್ವಾ? ಇಲ್ಲಿ ಯಾರಿಗೂ ಇಲ್ಲ. ಒಂದು ಸಲ ಸೋತರೆ ಮನೆಗೆ. ವಿಭಾಗದಲ್ಲಿ ಮೊದಲು ಬಂದವರಿಗೆ ಒಂದು ವಾರ ವಿಶ್ರಾಂತಿ ಮತ್ತು ಸ್ವಂತ ಮೈದಾನ ಸಿಗುತ್ತದೆ, ಅಷ್ಟೇ. ಬಾಂಬರ್ಸ್‌ಗೆ ಎರಡೂ ಸಿಗಲಿಲ್ಲ. ಮೊದಲು ಕ್ಯಾಲ್ಗರಿಗೆ ಹೋಗಿ 35-14ರಲ್ಲಿ ಗೆದ್ದರು. ಆಮೇಲೆ ರೆಜೈನಾದಲ್ಲಿ ಸಸ್ಕಾಚೆವನ್, ಅಂದರೆ ಕೊಲಾರೋಸ್ ಅವರ ಹಳೇ ತಂಡ.

ನೀವು ಹೇಳುವ ಅದೃಷ್ಟ ಇದ್ದದ್ದು ರೆಜೈನಾದಲ್ಲಿ. ಕೆನಡಾದ ಮೈದಾನದಲ್ಲಿ ಗೋಲ್ ಕಂಬ ಗೋಲ್ ಗೆರೆಯ ಮೇಲೆಯೇ ನಿಂತಿರುತ್ತದೆ. ಅಮೆರಿಕದಲ್ಲಿ ಅದು ಎಂಡ್ ಝೋನ್‌ನ, ಅಂದರೆ ಗೋಲ್ ಗೆರೆಯಾಚೆ ಚೆಂಡು ಒಯ್ದರೆ ಅಂಕ ಸಿಗುವ ಜಾಗದ, ಹಿಂದೆ ಇರುತ್ತದೆ. 20-13ರಲ್ಲಿ ವಿನ್ನಿಪೆಗ್ ಮುಂದಿತ್ತು, ಆಟದ ಕೊನೆಯ ಎಸೆತ. ಸಸ್ಕಾಚೆವನ್‌ನ ಕೋಡಿ ಫಹಾರ್ಡೊ ಎಸೆದ ಚೆಂಡು ನೇರ ಹೋಗಿ ಕಂಬದ ಅಡ್ಡಪಟ್ಟಿಗೆ ಬಡಿಯಿತು. ಆಟ ಮುಗಿಯಿತು. ನಾವೊಂದು ಹತ್ತು ಜನ ಟಿವಿ ಮುಂದೆ ಇದ್ದೆವು, ಅರೆಗಳಿಗೆ ಯಾರಿಗೂ ಏನಾಯಿತು ಅಂತಲೇ ತಿಳಿಯಲಿಲ್ಲ. (ಈ ಕಂಬಗಳನ್ನು 2027ರಿಂದ ಹಿಂದಕ್ಕೆ ಸರಿಸುವುದಾಗಿ ಲೀಗ್ 2025ರಲ್ಲಿ ಪ್ರಕಟಿಸಿತು. ನನಗೆ ಬೇಸರವಾಯಿತು. ಕಂಬವನ್ನು ಲೆಕ್ಕಕ್ಕೆ ತೆಗೆದುಕೊಂಡು ಆಡುವುದೂ ಇಲ್ಲಿನ ಜಾಣತನವೇ.)

ಫೈನಲ್‌ನಲ್ಲಿ ಅದೃಷ್ಟಕ್ಕೆ ಜಾಗವೇ ಇರಲಿಲ್ಲ. ನವೆಂಬರ್ 24, ಕ್ಯಾಲ್ಗರಿಯ ಮೆಕ್‌ಮಾಹನ್ ಸ್ಟೇಡಿಯಂ, ವಿನ್ನಿಪೆಗ್ 33, ಹ್ಯಾಮಿಲ್ಟನ್ 12. ವಿನ್ನಿಪೆಗ್ ಊರಿನವರೇ ಆದ ಆ್ಯಂಡ್ರೂ ಹ್ಯಾರಿಸ್ ಚೆಂಡು ಹಿಡಿದು 134 ಗಜ ಓಡಿದರು, ಎರಡು ಟಚ್‌ಡೌನ್ (ಚೆಂಡನ್ನು ಎಂಡ್ ಝೋನ್‌ಗೆ ಮುಟ್ಟಿಸಿ ಪಡೆಯುವ ಅಂಕ) ಗಳಿಸಿದರು. ಪಂದ್ಯದ ಶ್ರೇಷ್ಠ ಆಟಗಾರ, ಶ್ರೇಷ್ಠ ಕೆನಡಿಯನ್ ಆಟಗಾರ ಎರಡೂ ಪ್ರಶಸ್ತಿ ಒಟ್ಟಿಗೆ ಪಡೆದ ಮೊದಲಿಗರು ಅವರೇ. ಅದೇ ಸೀಸನ್‌ನಲ್ಲಿ ನಿಷೇಧಿತ ಔಷಧದ ಪರೀಕ್ಷೆಯಲ್ಲಿ ಸಿಕ್ಕಿ 2 ಪಂದ್ಯ ಹೊರಗಿದ್ದರು ಅನ್ನುವುದನ್ನೂ ಹೇಳಬೇಕು. ತಿಳಿಯದೆ ಆದದ್ದು ಅಂತ ಅವರು ಹೇಳಿದ್ದರು. ನಾನು ನಂಬಿದೆ, ನಂಬದವರೂ ಇದ್ದರು. ಕೊಲಾರೋಸ್ ಬಂದಮೇಲೂ ಸ್ಟ್ರೆವ್ಲರ್‌ನನ್ನು ಮೂಲೆಗೆ ಕೂರಿಸಲಿಲ್ಲ. ಗಾಯದ ಕಾಲಲ್ಲೇ ನಡುನಡುವೆ ಇಳಿದು ಓಡಿದ, ಹ್ಯಾರಿಸ್‌ಗೆ ಒಂದು ಟಚ್‌ಡೌನ್ ಎಸೆತವನ್ನೂ ಕೊಟ್ಟ. ಸೆಪ್ಟೆಂಬರ್‌ನಲ್ಲಿ ಸಾಕಾಗದೆ ಹೋದ ಅದೇ ಹುಡುಗ ಇಲ್ಲಿ ತಂಡದ ಬಲವಾದ. ಕೋಚ್ ಮೈಕ್ ಓಶೇ ಅವರ ದೊಡ್ಡ ಕೆಲಸ ಇದು ಅಂತ ನನಗೆ ಅನಿಸುತ್ತದೆ.

1990ರ ನಂತರ ಆ ಊರಿಗೆ ಕಪ್ ಬಂದಿರಲಿಲ್ಲ. ವಿನ್ನಿಪೆಗ್‌ನ ಒಬ್ಬ ಅಭಿಮಾನಿ 2001ರ ಫೈನಲ್ ಸೋಲಿನ ಹೊತ್ತಿಗೆ, ತಂಡ ಕಪ್ ಗೆಲ್ಲುವವರೆಗೆ ಉದ್ದ ಪ್ಯಾಂಟ್ ಹಾಕುವುದಿಲ್ಲ, ಮೊಣಕಾಲುದ್ದದ ಚಡ್ಡಿಯೇ ಸಾಕು ಅಂತ ಹರಕೆ ಹೊತ್ತಿದ್ದರು. ಮೈನಸ್ 30 ಡಿಗ್ರಿಗೆ ಇಳಿಯುವ ಊರಿನಲ್ಲಿ 18 ಚಳಿಗಾಲ ಹಾಗೇ ಕಳೆದರು. ಫೈನಲ್ ಮುಗಿದ ರಾತ್ರಿ ಅವರು ಪ್ಯಾಂಟ್ ಹಾಕಿಕೊಂಡರು.