ಮೂರು ಚೀಟಿ, ಒಂದು ಮೈ

ಶಿರಾ ತಾಲ್ಲೂಕಿನ ನಿವೃತ್ತ ಗುಮಾಸ್ತರೊಬ್ಬರ ಪತ್ರ: “ಬಿ.ಪಿ., ಸಕ್ಕರೆ ಕಾಯಿಲೆ, ಮೂರ್ಛೆರೋಗ ಎಲ್ಲಕ್ಕೂ ಒಂದೇ ಕ್ಲಿನಿಕ್ ಬೇಕೆಂದು ನಿಮ್ಮ ಪತ್ರಿಕೆ ಪದೇ ಪದೇ ಬರೆಯುತ್ತಿದೆ. ಒಂದೊಂದು ಕಾಯಿಲೆಗೆ ಒಂದೊಂದು ದಿನವಿದ್ದರೆ ಶಿಸ್ತಿರುತ್ತದೆ, ಕೆಲಸ ಬೇಗ ಸಾಗುತ್ತದೆ. ಎಲ್ಲವನ್ನೂ ಕಲಸಿದರೆ ಸಂತೆಯಾಗುತ್ತದೆ.”

ಸಂಪಾದಕರ ಉತ್ತರ:

ನಿಮ್ಮ ಅಕ್ಷರದಷ್ಟೇ ವಾದವೂ ದುಂಡಾಗಿದೆ. ಕಡತ ಪಳಗಿಸಿದ ಕೈ. ಒಂದೇ ಕಾಯಿಲೆಯನ್ನು ದಿನವಿಡೀ ನೋಡುವ ವೈದ್ಯರಿಗೆ ಅದರ ಸೂಕ್ಷ್ಮ ಹೆಚ್ಚು ತಿಳಿಯುತ್ತದೆ, ಒಪ್ಪಿದೆ. ಆದರೆ ಬೇಗ ಸಾಗುವುದು ಯಾರ ಕೆಲಸ, ಸ್ವಾಮಿ? ಮಂಗಳವಾರ ಬಿ.ಪಿ.ಗೆ, ಶುಕ್ರವಾರ ಸಕ್ಕರೆಗೆ ಬರುವ ಕೂಲಿಯವಳು ಕಳೆದುಕೊಳ್ಳುವುದು ಎರಡು ದಿನದ ಕೂಲಿ. ಅದನ್ನು ಯಾವ ಆಸ್ಪತ್ರೆಯ ಲೆಕ್ಕದ ಪುಸ್ತಕದಲ್ಲೂ ನಾನು ಕಂಡಿಲ್ಲ.

ನಮ್ಮ ತಾಯಿಯ ಚೀಲದಲ್ಲಿ ಮೂರು ಚೀಟಿಗಳಿರುತ್ತಿದ್ದವು. ಎರಡರಲ್ಲಿ ಬರೆದಿದ್ದದ್ದು ಒಂದೇ ಮಾತ್ರೆ, ಕಂಪನಿಯ ಹೆಸರು ಮಾತ್ರ ಬೇರೆ. ಅವ್ವ ಎರಡನ್ನೂ ಶ್ರದ್ಧೆಯಿಂದ ನುಂಗಿ ಒಂದು ಬೆಳಿಗ್ಗೆ ಬಚ್ಚಲಲ್ಲಿ ತಲೆ ಸುತ್ತಿ ಬಿದ್ದರು. ಇಬ್ಬರು ವೈದ್ಯರೂ ತಮ್ಮ ತಮ್ಮ ಕೋಣೆಯಲ್ಲಿ ಸರಿಯಾಗಿಯೇ ಇದ್ದರು.

ಸಂತೆಯಾಗುತ್ತದೆ ಎಂದಿರಲ್ಲ, ಕಾಂಬೋಡಿಯಾಕ್ಕೆ ಬನ್ನಿ. ಅಲ್ಲಿನ ಸಿಯೆಮ್ ರೀಪ್ ಮತ್ತು ತಾಕಿಯೋಗಳಲ್ಲಿ 2002ರಲ್ಲೇ ಎಂಎಸ್‌ಎಫ್ ಎಂಬ ಅಂತರರಾಷ್ಟ್ರೀಯ ಸೇವಾ ಸಂಸ್ಥೆಯ ವೈದ್ಯರು ಸರ್ಕಾರದೊಡನೆ ಸೇರಿ ಎಚ್‌ಐವಿ, ಸಕ್ಕರೆ, ರಕ್ತದೊತ್ತಡ ಮೂರನ್ನೂ ಒಂದೇ ಸೂರಿನಡಿ ತಂದರು. ಮಲಾವಿಯ ನೇನೋ ಜಿಲ್ಲೆ ಬಡ ಗುಡ್ಡಗಾಡು. ಅಲ್ಲಿ 2015ರಲ್ಲಿ ಎಚ್‌ಐವಿ ಕ್ಲಿನಿಕ್ಕಿನ ಬಾಗಿಲನ್ನೇ ಅಸ್ತಮಾ, ಮೂರ್ಛೆರೋಗದವರಿಗೂ ತೆರೆದರು. ಹೊಸ ಕಟ್ಟಡ ಕಟ್ಟಲು ಕಾಯಲಿಲ್ಲ. ಇದ್ದ ದಾದಿಯರು, ಇದ್ದ ದಾಖಲೆ ಪುಸ್ತಕ, ತಪ್ಪಿಸಿಕೊಂಡ ರೋಗಿಯನ್ನು ಮನೆಗೆ ಹೋಗಿ ಕರೆತರುವ ಇದ್ದ ವ್ಯವಸ್ಥೆಯೇ ಸಾಕಾಯಿತು.

ಉಗಾಂಡಾ ಮತ್ತು ತಾಂಜಾನಿಯಾದ 32 ಆರೋಗ್ಯ ಕೇಂದ್ರಗಳಲ್ಲಿ, ಎಚ್‌ಐವಿ, ಸಕ್ಕರೆ, ಬಿ.ಪಿ. ಮೂರನ್ನೂ ಸೇರಿಸಿ ನೋಡುವ ಕ್ಲಿನಿಕ್ಕನ್ನು ಬೇರೆ ಬೇರೆ ಕ್ಲಿನಿಕ್ಕುಗಳೊಡನೆ ಹೋಲಿಸಿದ ದೊಡ್ಡ ಪ್ರಯೋಗದ ಫಲ 2023ರಲ್ಲಿ ಪ್ರಕಟವಾಯಿತು. ಸೇರಿಸಿದರೆ ಎಚ್‌ಐವಿ ಚಿಕಿತ್ಸೆ ಕೆಡುತ್ತದೆ ಎಂಬ ಭಯ ಸುಳ್ಳಾಯಿತು. ಬಿ.ಪಿ., ಸಕ್ಕರೆಯವರು ಚಿಕಿತ್ಸೆಯಲ್ಲಿ ಉಳಿದ ಪ್ರಮಾಣ ಸೇರಿಸಿದ ಕಡೆಯೂ ಬೇರೆಯಾಗಿಟ್ಟ ಕಡೆಯೂ ಹೆಚ್ಚುಕಡಿಮೆ ಒಂದೇ. ಪವಾಡವೇನೂ ಆಗಲಿಲ್ಲ ಎಂದು ನೀವು ಮೂಗು ಮುರಿಯಬಹುದು. ಆದರೆ ಎಲ್ಲರೂ ಒಂದೇ ಬೆಂಚಿನ ಮೇಲೆ ಕೂತರೆ ಯಾರಿಗೆ ಯಾವ ಕಾಯಿಲೆ ಎಂದು ಪಕ್ಕದವರಿಗೆ ತಿಳಿಯುವುದಿಲ್ಲ. ನೀವು ಬಯ್ದ ಸಂತೆಯ ಲಾಭ ಇದೇ.

ನಿಮ್ಮ ಮೇಲೆ ಸಿಟ್ಟಿಲ್ಲ. ಪಹಣಿಗೆ ನಾಡಕಚೇರಿ, ಅಳತೆಗೆ ಸರ್ವೆ ಇಲಾಖೆ, ಕ್ರಯಪತ್ರಕ್ಕೆ ಸಬ್‌ರಿಜಿಸ್ಟ್ರಾರ್ ಎಂದು ಒಂದು ತುಂಡು ಹೊಲವನ್ನೇ ಮೂರು ಮೇಜಿಗೆ ಹಂಚಿದ ನಾಡಿದು. ಮೈಯನ್ನು ಬಿಟ್ಟೀತೇ? “ಅದು ನನ್ನ ಸೆಕ್ಷನ್ ಅಲ್ಲ” ಎಂಬ ಮಾತನ್ನು ನಾನು ತಹಶೀಲ್ದಾರರ ಕಚೇರಿಯಲ್ಲಿ ಮೊದಲು ಕೇಳಿದೆ, ಆಮೇಲೆ ಆಸ್ಪತ್ರೆಯಲ್ಲಿ ಕೇಳಿದೆ, ದನಿಯೂ ಒಂದೇ.

ಮುಂದಿನ ಸಲ ತಾಲ್ಲೂಕು ಆಸ್ಪತ್ರೆಗೆ ಹೋದಾಗ ಸಾಲಿನಲ್ಲಿ ನಿಂತವರ ಕೈ ನೋಡಿ. ಎರಡು ಪುಸ್ತಕ ಹಿಡಿದವರು ಎಷ್ಟು ಮಂದಿ ಎಂದು ಎಣಿಸಿ ನಿಮ್ಮ ದುಂಡಕ್ಷರದಲ್ಲೇ ಬರೆದು ಕಳುಹಿಸಿ. ಅಚ್ಚು ಹಾಕುತ್ತೇನೆ.